ಕೈಗೆಟುಕುವ ಬೇಟೆ



ಪವಿತ್ರ ಕುರ್‌ಆನಿನ ‘ಅಲ್ ಮಾಇದಾ’ ಅಧ್ಯಾಯವು ಕರಾರುಗಳನ್ನು ಪಾಲಿಸಿರೆಂಬ ಆಜ್ಞೆಯೊಂದಿಗೆ ಆರಂಭವಾಗುತ್ತದೆ. ಇಹ್ರಾಮ್‌ನಲ್ಲಿರುವಾಗ ಬೇಟೆ ಸಲ್ಲದೆಂಬ ವಿಧಿಯೂ ಅದೇ ಸೂಕ್ತದಲ್ಲಿದೆ. ನಾಲ್ಕನೆಯ ಸೂಕ್ತದಲ್ಲಿ, ತರಬೇತಿ ಪಡೆದ ಪ್ರಾಣಿಗಳ ಮೂಲಕ ಬೇಟೆಯಾಡಲು ಅನುಮತಿಯಿದೆ. ಅಂದರೆ ಬೇಟೆಯು ಮೂಲತಃ ನಿಷಿದ್ಧವಲ್ಲ. ಆದರೆ ಅದಕ್ಕೊಂದು ಎಲ್ಲೆಯಿದೆ.

94ನೆಯ ಸೂಕ್ತವನ್ನು ಗಮನಿಸಿರಿ. ಕೈಗೂ ಈಟಿಗೂ ಎಟುಕುವಷ್ಟು ಹತ್ತಿರ ಬೇಟೆಯನ್ನು ತಂದು ಅಲ್ಲಾಹನು ಪರೀಕ್ಷಿಸುವನು. ಕಾಣದಿರುವ ಅವನನ್ನು ಯಾರು ಭಯಪಡುತ್ತಾರೆಂಬುದು ಅದರಿಂದ ಬೆಳಕಿಗೆ ಬರುವುದು ಎಂಬುದು ಅದರ ಸಾರ. ಹಿಜರಿ 6ರಲ್ಲಿ ಹುದೈಬಿಯಾದ ಪ್ರಯಾಣದಲ್ಲಿ ಇದು ಅವತೀರ್ಣವಾಯಿತೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮೃಗ ದೂರವಿದ್ದಾಗ ಸುಮ್ಮನಿರುವುದು ತಕ್ವಾ ಅಲ್ಲ. ಹತ್ತಿರವಿದ್ದಾಗ ಕೈ ತಡೆಯುವುದೇ ತಕ್ವಾ.

ಈ ಪರೀಕ್ಷೆ ನಮಗೂ ಇದೆ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 2007ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಪೀಣ್ಯದಿಂದ ಬೆಳಿಗ್ಗೆ ಹೊರಟರೆ ರಾತ್ರಿಯೊಳಗೆ ಹಿಂತಿರುಗಬಹುದು. ರಾತ್ರಿ ಜೀಪಿನ ದೀಪ ಕಣ್ಣಿಗೆ ಬಿದ್ದರೆ ಜಿಂಕೆ ಕದಲದೆ ನಿಂತುಬಿಡುತ್ತದೆ. ರೈಫಲ್ ಹಿಡಿದವನಿಗೆ ಅದಕ್ಕಿಂತ ಎಟುಕುವ ಬೇಟೆ ಬೇರೆ ಯಾವುದಿದೆ? ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಕೊಂದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷಗಳ ಸೆರೆವಾಸವಿದೆ.

“ಬಿಸ್ಮಿಲ್ಲಾಹ್ ಹೇಳಿ ಕೊಯ್ದಿದ್ದಾರೆ, ಹಲಾಲ್ ತಾನೇ?” ಎಂದು ಕೆಲವರು ಕೇಳುತ್ತಾರೆ. ಯೋಚಿಸಿರಿ. ಬೇಟೆ ಫರ್ಳ್ ಅಲ್ಲ, ಅನುಮತಿಸಲ್ಪಟ್ಟ ಕಾರ್ಯ ಮಾತ್ರ. ಎಲ್ಲರ ಹಿತಕ್ಕಾಗಿ ಅದನ್ನು ತಡೆದರೆ ನಮ್ಮ ದೀನ್‌ಗೆ ಯಾವ ನಷ್ಟವೂ ಇಲ್ಲ. ನಾವು ಬದುಕುವ ನಾಡಿನ ಕಾನೂನನ್ನು ಪಾಲಿಸುವುದೂ ಒಂದು ಕರಾರೇ. ಚೂರಿಯ ಮೇಲೆ ಹೇಳಿದ ಬಿಸ್ಮಿಲ್ಲಾಹ್ ಮುರಿದ ಕರಾರನ್ನು ಜೋಡಿಸದು. ಇನ್ನು ಬರಿಯ ಮೋಜಿಗೆ ಗುಂಡು ಹಾರಿಸುವವರು ನೆನಪಿಡಲಿ: ಜೀವವಿರುವ ಯಾವುದನ್ನೂ ಗುರಿಹಲಗೆಯಾಗಿ ಮಾಡಬಾರದೆಂದು ಪ್ರವಾದಿ(ಸ)ರು ತಡೆದಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ.

ತಾಯಂದಿರೇ, ಇಂತಹ ಮಾಂಸದ ಪೊಟ್ಟಣ ಮನೆಗೆ ಬಂದರೆ ಅದನ್ನು ಒಲೆಯ ಮೇಲಿಡಬೇಡಿರಿ. ಮಕ್ಕಳು ನಿಮ್ಮ ಮಾತಿಗಿಂತ ನಿಮ್ಮ ಕೈಯನ್ನು ನೋಡಿ ಕಲಿಯುತ್ತಾರೆ.

ಎಲ್ಲರೂ ಕಾಡಿಗೆ ಹೋಗುವುದಿಲ್ಲ, ನಿಜ. ಆದರೆ ಕಾರ್ಖಾನೆಯ ಉಗ್ರಾಣದ ಬೀಗದ ಕೈ ನಿಮ್ಮ ಬಳಿ ಇರಬಹುದು. ವೈಟ್‌ಫೀಲ್ಡ್‌ನ ಕಚೇರಿಯಲ್ಲಿ ರಾತ್ರಿ ಪಾಳಿಯ ಲೆಕ್ಕ ನೀವೇ ಬರೆಯುತ್ತಿರಬಹುದು. ಅದೂ ಕೈಗೆಟುಕುವ ಬೇಟೆಯೇ. ಕಾವಲುಗಾರನ ಕಣ್ಣು ತಪ್ಪಿಸಬಹುದು, ಅಲ್ಲಾಹನ ದೃಷ್ಟಿಯನ್ನಲ್ಲ.

ಎಟುಕಿದಾಗಲೂ ಕೈ ತಡೆಯುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.