ಹೆಸರು ತಿಳಿಯದ ವಿಮಾನ

ಪುಣೆಯ ಜುನಾ ಬಜಾರಿನಲ್ಲಿ ಒಂದು ಭಾನುವಾರ ಹಳೆಯ ಫ್ಯಾನು, ಹಿತ್ತಾಳೆ ಬೀಗಗಳ ನಡುವೆ ಒಂದು ಮಾದರಿ ವಿಮಾನ ಕಂಡಿತು. ಬಾಲ್ಸಾ ಮರದ್ದು. ಎಂಜಿನ್ ಇಲ್ಲ, ರೇಡಿಯೋ ಇಲ್ಲ, ರೆಕ್ಕೆಯ ಹೊದಿಕೆ ಹರಿದಿತ್ತು. ಯಾವುದೋ ಮನೆ ಖಾಲಿ ಮಾಡುವಾಗ ಬಂದದ್ದು ಎಂಬುದಷ್ಟೇ ಮಾರುವವನಿಗೆ ಗೊತ್ತಿತ್ತು. 800 ರೂಪಾಯಿ ಕೊಟ್ಟು ತಂದೆ.

ತಂದವನೇ ಅದರ ಹೆಸರು ಹುಡುಕತೊಡಗಿದೆ. ಯಾವ ಕಂಪನಿಯ ಕಿಟ್? ಯಾವ ಮಾಡೆಲ್? ಮೂರು ರಾತ್ರಿ ಹಳೆಯ ನಕ್ಷೆಗಳನ್ನು ತಿರುವಿಹಾಕಿದೆ. ಹೋಲುವಂಥವು ಹತ್ತಾರು ಸಿಕ್ಕವು, ಇದೇ ಎನ್ನುವಂಥದ್ದು ಸಿಗಲಿಲ್ಲ. ಈ ಊರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆಗೆ ಅಲೆಯುವಾಗ ನನ್ನನ್ನು ಮೊದಲು ಕೇಳುತ್ತಿದ್ದದ್ದು ಅಡ್ಡಹೆಸರು. ಅದು ತಿಳಿದರೆ ಮನುಷ್ಯನೇ ತಿಳಿದಂತೆ! ಆಗ ಸಿಟ್ಟು ಬರುತ್ತಿತ್ತು. ಈಗ ನಾನೂ ಅದನ್ನೇ ಮಾಡುತ್ತಿದ್ದೆ.

ಮೈದಾನದಲ್ಲಿ ವಿಮಾನ ಹಾರಿಸುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅವರನ್ನು ಕಾಕಾ ಅನ್ನುತ್ತೇವೆ. ಫೋಟೋ ನೋಡಿ, "ಹೆಸರು ಬಿಡು, ಅಳತೆ ಹೇಳು" ಎಂದರು.

ಅಳತೆ ಹಿಡಿದೆ. ರೆಕ್ಕೆ ತುದಿಯಿಂದ ತುದಿಗೆ 140 ಸೆಂ.ಮೀ., ಅಗಲ 22 ಸೆಂ.ಮೀ. ತಳ ಚಪ್ಪಟೆ, ಎರಡೂ ತುದಿಗಳು ಮೇಲಕ್ಕೆ ಎದ್ದಿವೆ, ಐಲರಾನ್ ಇಲ್ಲ. ಅಂದರೆ ರಡರ್, ಎಲಿವೇಟರುಗಳಿಂದಲೇ ನಡೆಯುವ, ಓರೆಯಾದರೆ ತಾನೇ ನೇರವಾಗುವ, ಕಲಿಯುವವರ ವಿಮಾನ. ಎಂಜಿನ್ ಕೂರಿಸುವ ಗಟ್ಟಿ ಮರದ ಪಟ್ಟಿಗಳಲ್ಲಿ ಎಣ್ಣೆ ಇಳಿದ ಕಲೆಯಿತ್ತು. ಹಳೆಯ ಗ್ಲೋ ಎಂಜಿನ್ನುಗಳಿಗೆ ಮೆಥನಾಲಿನ ಜೊತೆ ಹರಳೆಣ್ಣೆ ಬೆರೆಸುತ್ತಿದ್ದರು. ಹಾಗಾದರೆ ಇದು ಶೋಕೇಸಿನಲ್ಲಿ ಕೂತದ್ದಲ್ಲ, ಹಾರಿದ್ದು. ಹೊದಿಕೆ ಬಿಚ್ಚಿದಾಗ ಒಳಗಿನ ರಿಬ್ಬುಗಳು ಒಂದರಂತೆ ಒಂದಿರಲಿಲ್ಲ, ಕೈಯಲ್ಲಿ ಕೊಯ್ದವು. ಎರಡರ ಮೇಲೆ ಪೆನ್ಸಿಲಿನಲ್ಲಿ ಮರಾಠಿ ಬರಹ: 'ಡಾವಾ', 'ಉಜವಾ'. ಎಡ, ಬಲ. ಎಡಗಡೆಯದು ಒಮ್ಮೆ ಮುರಿದಿತ್ತು, ಬಟ್ಟೆ ಅಂಟಿಸಿ ಕೂಡಿಸಿದ್ದರು.

ಇನ್ನು ಸಜ್ಜುಗೊಳಿಸುವ ಮಾತು. ಎಂಜಿನ್ನಿನ ಬದಲು ವಿದ್ಯುತ್ ಮೋಟಾರು. ಎಲ್ಲ ಸೇರಿ 1,400 ಗ್ರಾಂ. ರೆಕ್ಕೆಯ ಪ್ರತಿ ಚದರ ಡೆಸಿಮೀಟರಿಗೆ ಸುಮಾರು 45 ಗ್ರಾಂ ಭಾರ, ಇಂಥ ವಿಮಾನಕ್ಕೆ ತಕ್ಕದ್ದೇ. ತೊಡಕಿದ್ದದ್ದು ಸಮತೋಲನದಲ್ಲಿ. ತೂಕದ ಕೇಂದ್ರ ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ, ಅಂದರೆ ಇಲ್ಲಿ 5.5ರಿಂದ 7.3 ಸೆಂ.ಮೀ. ಒಳಗೆ ಬೀಳಬೇಕು. ಮೂಗು ಭಾರವಾದರೆ ವಿಮಾನ ಒಲ್ಲದ ಮನಸ್ಸಿನಿಂದ ಹಾರುತ್ತದೆ. ಬಾಲ ಭಾರವಾದರೆ ಕೈತಪ್ಪಿ ಯಾರ ತಲೆಯ ಮೇಲಾದರೂ ಬಿದ್ದೀತು. ಮೋಟಾರು ಹಳೆಯ ಎಂಜಿನ್ನಿಗಿಂತ ಹಗುರ, ಆದ್ದರಿಂದ ಬ್ಯಾಟರಿ ಮುಂದೆ ಟ್ಯಾಂಕಿದ್ದ ಜಾಗಕ್ಕೆ ಹೋಗಬೇಕು. ಅಲ್ಲಿನ ಅಡ್ಡಹಲಗೆಯ ಕಿಂಡಿ ಕಿರಿದು. ಅದನ್ನು ಕೊಯ್ಯಬೇಕು. ಆ ಹಲಗೆಯ ಮೇಲೂ ಅದೇ ಕೈಯ ಪೆನ್ಸಿಲ್ ಗೆರೆಗಳಿದ್ದವು.

ಕೊಯ್ಯುವ ಹಕ್ಕು ನನಗಿದೆಯೇ? 'ಕಟ್ಟಿದವರು ಇದ್ದಿದ್ದರೆ ಹಾರಲಿ ಎನ್ನುತ್ತಿದ್ದರು' ಎಂದು ಹೇಳಿಕೊಳ್ಳುವುದು ಸುಲಭ. ಊರಿನ ಮನೆ ಮಾರುವಾಗ ಅಣ್ಣ ಹೇಳುತ್ತಾನೆ, 'ಅಜ್ಜ ಇದ್ದಿದ್ದರೆ ಒಪ್ಪುತ್ತಿದ್ದರು.' ಬೇಡವೆನ್ನುವ ತಮ್ಮನೂ ಅಜ್ಜನ ಹೆಸರನ್ನೇ ಹೇಳುತ್ತಾನೆ. ಎದುರಿಗಿಲ್ಲದವರ ಇಚ್ಛೆ ಯಾವಾಗಲೂ ನಮ್ಮ ಇಚ್ಛೆಯೇ ಆಗಿರುತ್ತದೆ. ಹಾಗಂತ ಮುಟ್ಟದೆ ಗೋಡೆಗೆ ತೂಗುಹಾಕಿದರೂ ಅದು ನನ್ನದೇ ಇಚ್ಛೆ, ವಿನಯದ ವೇಷದಲ್ಲಿ.

ಕೊನೆಗೆ ನನಗೆ ಆಧಾರವಾದದ್ದು ಆ ಬಟ್ಟೆಯ ತೇಪೆ. ಕಟ್ಟಿದವರ ಮನಸ್ಸು ನನಗೆ ತಿಳಿಯದು, ಅವರು ಮಾಡಿದ್ದು ತಿಳಿದಿದೆ. ಮುರಿದಾಗ ಎಸೆಯಲಿಲ್ಲ, ಅಂದವಾಗಿಡಲು ಎತ್ತಿಡಲಿಲ್ಲ, ತೇಪೆ ಹಾಕಿದರು. ಇಚ್ಛೆಯನ್ನು ಊಹಿಸುವುದಕ್ಕಿಂತ ಕೃತಿಯನ್ನು ಓದುವುದು ಹೆಚ್ಚು ಪ್ರಾಮಾಣಿಕ. ಓದಿದ ಮೇಲೆ ಮುಂದಿನವರಿಗೂ ಅದು ಓದಲು ಸಿಗುವಂತೆ ಉಳಿಸುವ ಹೊಣೆ ನಮ್ಮದು. ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕೆಂದು 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಇದನ್ನೇ ಹೇಳುತ್ತದೆ: ಹೊಸದಾಗಿ ಸೇರಿಸಿದ್ದು ಹಳೆಯದರೊಡನೆ ಹೊಂದಬೇಕು, ಆದರೆ ಹಳೆಯದೆಂಬ ಸೋಗು ಹಾಕಬಾರದು.

ಹಲಗೆ ಕೊಯ್ದೆ. ಪೆನ್ಸಿಲ್ ಗೆರೆಯ ಆ ತುಂಡನ್ನು ಎಸೆಯದೆ ಒಳಗೋಡೆಗೆ ಅಂಟಿಸಿದೆ. ಪಕ್ಕದಲ್ಲಿ ಶಾಯಿಯಿಂದ ಕನ್ನಡದಲ್ಲಿ ಬರೆದೆ: ಏನು ಕೊಯ್ದೆ, ಏನು ಸೇರಿಸಿದೆ, ಸಮತೋಲನ ಎಲ್ಲಿ. ಮುಂದೆ ಇದು ಸಿಗುವವರಿಗೆ ಕನ್ನಡ ಬರುತ್ತದೋ ಇಲ್ಲವೋ. ಅಂಕಿಗಳನ್ನಾದರೂ ಓದಿಕೊಳ್ಳಲಿ.

ಮೈದಾನದಲ್ಲಿ ಕಾಕಾ ರೆಕ್ಕೆಯ ಅಡಿ ಎರಡು ಬೆರಳಿಟ್ಟು ಎತ್ತಿದರು. ಮೂಗು ತುಸುವೇ ಕೆಳಗೆ ಬಾಗಿ ನಿಂತಿತು. "ಸರಿ ಇದೆ" ಎಂದರು. ಹೆಸರು ಸಿಕ್ಕಿತಾ ಎಂದು ಕೇಳಲಿಲ್ಲ.