ಹಿಮ ಕರಗಿದ ಮೇಲೆ

“ಔಲಿಗೆ ಯಾವಾಗ ಹೋದ್ರ ಛಲೋ ಅಕ್ಕೋರ, ಥಂಡ್ಯಾಗೋ, ಬ್ಯಾಸಗ್ಯಾಗೋ?” ನಮ್ಮ ಓಣಿಯ ಹೆಣ್ಣುಮಕ್ಕಳು ಈಗಲೂ ಕೇಳುತ್ತಾರೆ. ಎರಡೂ ಕಾಲದಲ್ಲಿ ಹೋಗಿ ಬಂದವಳು ನಾನು. ಮೊದಲೆಲ್ಲ ಥಟ್ಟನೆ ಉತ್ತರ ಹೇಳುತ್ತಿದ್ದೆ. ಈಗ ತಡವರಿಸುತ್ತೇನೆ.

ಮೊದಲ ಸಲ ಹೋದದ್ದು 2019ರ ಮೇ ತಿಂಗಳಲ್ಲಿ, ಬದರಿ ಯಾತ್ರೆಯ ನೆಪದಲ್ಲಿ. ದಾರಿಯಲ್ಲಿ ಜೋಶಿಮಠದಲ್ಲಿ ಇಳಿದುಕೊಂಡಿದ್ದೆವು. ಚಳಿಗಾಲದಲ್ಲಿ ಬದರಿಯ ಗುಡಿ ಮುಚ್ಚಿದಾಗ ಪೂಜೆ ನಡೆಯುವುದು ಈ ಊರಿನ ನರಸಿಂಹ ದೇವಾಲಯದಲ್ಲಿ. ಊರಿನ ನೆತ್ತಿಯ ಮೇಲೆ, ಸುಮಾರು ಹತ್ತು ಸಾವಿರ ಅಡಿ ಎತ್ತರದವರೆಗೆ ಹಬ್ಬಿದ ಇಳಿಜಾರೇ ಔಲಿ. ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಕ್ಕೆ ಹೆಸರಾದ ಜಾಗ. 2011ರಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡಾಕೂಟ ನಡೆದದ್ದೂ ಇಲ್ಲಿಯೇ.

ಆದರೆ ಮೇ ತಿಂಗಳಲ್ಲಿ ನನಗೆ ಕಂಡದ್ದು ಗಿಡ್ಡ ಹುಲ್ಲು, ಕಡಿದ ಮಣ್ಣಿನ ದಿಬ್ಬ, ಅಲ್ಲಲ್ಲಿ ಬಿದ್ದ ಪ್ಲಾಸ್ಟಿಕ್ ಬಾಟಲಿ, ಕೆಲಸವಿಲ್ಲದೆ ನಿಂತ ಕಬ್ಬಿಣದ ಕಂಬಗಳು. ಇಷ್ಟೇನಾ ಔಲಿ ಎನಿಸಿತು. ಸೊಪ್ಪಿನ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ದಣಿವಾರಿಸಿಕೊಳ್ಳುತ್ತ ನಿಂತಿದ್ದಳು. ನನ್ನ ಹರಕು ಹಿಂದಿಯಲ್ಲಿ ಮಾತಾಡಿಸಿದೆ. “ಬೇಸಿಗೆಯಲ್ಲಿ ಇದು ನಮ್ಮ ದನಗಳದ್ದು, ಹಿಮ ಬಿದ್ದ ಮೇಲೆ ನಿಮ್ಮದು” ಎಂದು ನಕ್ಕಳು.

2020ರ ಜನವರಿಯಲ್ಲಿ ಮಗ ಮತ್ತೆ ಕರೆದುಕೊಂಡು ಹೋದ. ಅದೇ ಜಾಗವೆಂದು ನಂಬಲಾಗಲಿಲ್ಲ. ಎಲ್ಲಿ ನೋಡಿದರೂ ಬಿಳುಪು, ಎದುರಿಗೆ ನಂದಾದೇವಿ. ಬಾಡಿಗೆಯ ಕೋಟು, ಬೂಟು ತೊಟ್ಟು ಈ ವಯಸ್ಸಿನಲ್ಲಿ ಮೂರು ಸಲ ಬಿದ್ದೆ, ಮೂರು ಸಲವೂ ಚಿಕ್ಕ ಹುಡುಗಿಯಂತೆ ನಕ್ಕೆ. ಬಾಟಲಿ, ಕಡಿದ ಮಣ್ಣು ಯಾವುದೂ ಕಾಣಲಿಲ್ಲ. ಜೋಶಿಮಠದ ವಸತಿಗೃಹದಲ್ಲಿ ಸಂಜೆ ಎರಡು ಬಕೆಟ್ ಬಿಸಿನೀರು ತರಿಸಿ ಸ್ನಾನ ಮಾಡಿದೆ. ಊರಿಗೆ ಬಂದವಳೇ ಎಲ್ಲರಿಗೂ “ಥಂಡ್ಯಾಗ ಹೋಗ್ರಿ” ಎಂದೆ.

2023ರ ಜನವರಿಯಲ್ಲಿ ಟಿ.ವಿ.ಯಲ್ಲಿ ಅದೇ ಜೋಶಿಮಠ ಕಂಡಿತು. ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟಿದ್ದವು. ವಾಸಕ್ಕೆ ತಕ್ಕದ್ದಲ್ಲವೆಂದು ಗೋಡೆಗಳ ಮೇಲೆ ಕೆಂಪು ಗುರುತು ಹಾಕಿದ್ದರು. ಹೆಂಗಸರು ಹಾಸಿಗೆ, ಪಾತ್ರೆ ಹೊರಗಿಟ್ಟುಕೊಂಡು ಅಳುತ್ತಿದ್ದರು. ಆ ಊರು ಹಳೆಯ ಭೂಕುಸಿತದ ರಾಶಿಯ ಮೇಲೆ ಕುಳಿತಿದೆ, ಭಾರಿ ಕಟ್ಟಡ ಬೇಡ, ಬಂಡೆ ಕೀಳಬೇಡಿ ಎಂದು ಸರಕಾರಿ ಸಮಿತಿಯೊಂದು 1976ರಲ್ಲೇ ಎಚ್ಚರಿಸಿತ್ತಂತೆ. ನೆಲ ಕುಸಿಯಲು ರಸ್ತೆ, ಸುರಂಗ, ಕಟ್ಟಡ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಸರಿಯಾದ ಚರಂಡಿಯಿಲ್ಲದೆ ನೆಲಕ್ಕೇ ಇಂಗುವ ಬಚ್ಚಲ ನೀರೂ ಆ ಪಟ್ಟಿಯಲ್ಲಿತ್ತು.

ಬಚ್ಚಲ ನೀರು ಎಂದಾಗ ನನ್ನ ಎರಡು ಬಕೆಟ್ ನೆನಪಾದವು. ನಳದ ನೀರಿಗೆ ದಿನಗಟ್ಟಲೆ ಕಾಯ್ದು ಗೊತ್ತಿರುವ ಧಾರವಾಡದವಳು ನಾನು. ಮನೆಯಲ್ಲಿ ಕೈ ತೊಳೆದ ನೀರನ್ನೂ ಗಿಡಕ್ಕೆ ಹಾಕುವವಳಿಗೆ ಅಲ್ಲಿ ಆ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಬೇಕೆನಿಸಲಿಲ್ಲ. ದುಡ್ಡು ಕೊಟ್ಟಿದ್ದೆನಲ್ಲ! ನನ್ನ ಎರಡು ಬಕೆಟ್‌ಗೆ ಬೆಟ್ಟ ಕುಸಿಯಿತೇ ಎಂದು ಮನಸ್ಸು ವಾದ ಹೂಡುತ್ತದೆ. ಬಂದವರೆಲ್ಲರ ಮನಸ್ಸೂ ಇದೇ ವಾದ ಹೂಡಿರಬೇಕು.

ಹೋಗಲೇಬಾರದೇ? ಹಾಗೆನ್ನಲಾರೆ. ಬಂದವರಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆದರೆ ನಾವು ಊರನ್ನು ನೋಡುವ ರೀತಿ ಹೆಣ್ಣು ನೋಡುವ ಶಾಸ್ತ್ರದಂತಾಗಿದೆ. ಸೀರೆ ಉಡಿಸಿ, ಹೂ ಮುಡಿಸಿ ಕೂಡಿಸಿದವಳನ್ನು ನೋಡಿ, ಉಪ್ಪಿಟ್ಟು ತಿಂದು ಎದ್ದು ಬರುತ್ತೇವೆ. ಅವಳ ಬದುಕು ಹೇಗಿದೆ ಎಂಬುದು ನಮಗೆ ಬೇಡ. ಆ ಪಾಟಿಯ ಮುಂದೆ ತಲೆ ತಗ್ಗಿಸಿ ಕೂತು ಎದ್ದವರಾದರೂ ನಾವು ಹಾಗೆ ನೋಡಬಾರದಿತ್ತು.

ಸೊಪ್ಪಿನ ಹೊರೆಯ ಆ ಹೆಣ್ಣುಮಗಳ ಮನೆ ಯಾವುದೋ, ಗೋಡೆಗೆ ಗುರುತು ಬಿತ್ತೋ ಇಲ್ಲವೋ ನಾನರಿಯೆ. ಅಂದು ಅವಳ ಹೆಸರನ್ನೂ ಕೇಳಲಿಲ್ಲ. ಓಣಿಯವರು ಕೇಳಿದರೆ ಈಗ ಹೇಳುವುದಿಷ್ಟು: “ಮೊದಲ ಬ್ಯಾಸಗ್ಯಾಗ ಹೋಗ್ರಿ. ಹಿಮದ ಬುಡಕ ಏನೈತಿ, ಯಾರದಾರ ನೋಡ್ಕೊಂಡ ಬರ್ರಿ. ಆಮ್ಯಾಲ ಬೇಕಾದ್ರ ಥಂಡ್ಯಾಗ ಹೋಗೀರಂತ. ಆದ್ರ ನೀರು ಒಂದ ಬಕೆಟ್ ಸಾಕು.”