ರಾತ್ರಿ 11ರ ಹಸಿವು

ಆದಿಕಾಂಡ 25ನೇ ಅಧ್ಯಾಯದ ಕೊನೆಯ ಭಾಗ ಓದಿದೆವು. 1 ಅರಸುಗಳು 19ನ್ನೂ ತೆರೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಓದುವವರು ಬೈಬಲ್ ಆ್ಯಪ್ ಮಾತ್ರ ತೆರೀರಿ, ಸ್ವಿಗ್ಗಿ ಬೇಡ.

ಯೌವನಸ್ಥರಿಂದ ಒಂದು ಪ್ರಶ್ನೆ ಬಂದಿದೆ. "ಪಾಸ್ಟರ್, ಊಟ ಆದಮೇಲೂ ರಾತ್ರಿ ಏನಾದ್ರೂ ತಿಂತಾನೇ ಇರ್ತೀವಿ. ಇದು ಪಾಪಾನಾ?" ನೇರವಾಗಿ ಹೇಳ್ತೀನಿ: ತಿಂಡಿ ಪಾಪ ಅಲ್ಲ. ಮನುಷ್ಯನ ಒಳಗೆ ಹೋಗುವಂಥದ್ದು ಅವನನ್ನು ಅಪವಿತ್ರ ಮಾಡುವುದಿಲ್ಲ ಎಂದು ಯೇಸುವೇ ಮಾರ್ಕ 7ರಲ್ಲಿ ಕಲಿಸಿದ್ದಾನೆ. ಪುನರುತ್ಥಾನನಾದ ಕರ್ತನು ಕತ್ತಲಾದ ಮೇಲೆ ಶಿಷ್ಯರ ಎದುರಿಗೆ ಸುಟ್ಟ ಮೀನು ತಿಂದದ್ದು ಲೂಕ 24ರಲ್ಲಿದೆ. ಆದ್ದರಿಂದ ಗಡಿಯಾರ ನೋಡಿ ಯಾರನ್ನೂ ಪಾಪಿ ಅನ್ನೋದಕ್ಕೆ ನಾನು ಸಿದ್ಧನಿಲ್ಲ.

ಆದರೆ ಪೌಲನು 1 ಕೊರಿಂಥ 6ರಲ್ಲಿ ಬೇರೆ ಪ್ರಶ್ನೆ ಎತ್ತುತ್ತಾನೆ. ಅನುಮತಿ ಇದೆಯಾ ಅನ್ನೋದಲ್ಲ. ಇದು ನನ್ನ ಮೇಲೆ ಅಧಿಕಾರ ನಡೆಸ್ತಾ ಇದೆಯಾ ಅನ್ನೋದು. ಗಮನಿಸಿ, ಮುಂದಿನ ವಚನದಲ್ಲೇ ಅವನು ಹೊಟ್ಟೆ ಮತ್ತು ಆಹಾರದ ಮಾತಿಗೆ ಬರುತ್ತಾನೆ.

ಈಗ ಏಸಾವನನ್ನು ನೋಡಿ. ಕಾಡಿನಿಂದ ದಣಿದು ಬಂದ. ತಿಂದದ್ದೇನು? ಗೋಬಿ ಮಂಚೂರಿ ಅಲ್ಲ, ಚಿಪ್ಸ್ ಅಲ್ಲ. ರೊಟ್ಟಿ, ಬೇಳೆಯ ಸಾರು! ಯಾವ ಡಯೆಟಿಷಿಯನ್ ಕೂಡ ಬೇಡ ಅನ್ನದ ಊಟ. ಜ್ಯೇಷ್ಠತ್ವ ಹೋದದ್ದು ಆ ಸಾರಿನಿಂದಲ್ಲ, ಈಗಲೇ ಬೇಕು ಎಂಬ ಆತುರದಿಂದ. ಅದಕ್ಕೇ "ಚಿಪ್ಸ್ ಬಿಟ್ಟು ಮಖಾನಾಕ್ಕೆ ಬಂದಿದೀನಿ ಪಾಸ್ಟರ್" ಅಂದರೆ ಸಂತೋಷ, ಒಳ್ಳೇದೇ. ಆದರೆ ಅದೇ ರೀಲ್ಸ್, ಅದೇ ಹಾಸಿಗೆ, ನೋಡದೇ ಡಬ್ಬಿಗೆ ಹೋಗೋ ಅದೇ ಕೈ ಆದರೆ ಬದಲಾದದ್ದು ಪ್ಯಾಕೆಟ್ ಮಾತ್ರ.

ಎಲೀಯನೂ ದಣಿದಿದ್ದ. ಈಜೆಬೆಲಳ ಬೆದರಿಕೆಗೆ ಓಡಿಹೋಗಿ, ಮರುಭೂಮಿಯ ಗಿಡದ ಕೆಳಗೆ ಕೂತು, ಸಾಯುವುದೇ ಮೇಲು ಅಂದುಕೊಂಡ. ಅಲ್ಲೇ ಮಲಗಿಬಿಟ್ಟ. ದೇವದೂತನು ತಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಇನ್ನೊಮ್ಮೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಬೈಗುಳ ಇಲ್ಲ, ಉಪದೇಶವೂ ಇಲ್ಲ (ನಾವು ಪಾಸ್ಟರ್‌ಗಳು ಇದನ್ನು ಕಲಿಯಬೇಕು). ಒಬ್ಬ ತಿಂದು ಎದ್ದುಹೋದ, ಕಳಕೊಂಡದ್ದರ ಅರಿವೇ ಇಲ್ಲ. ಇನ್ನೊಬ್ಬ ಆ ಊಟದ ಬಲದಿಂದ 40 ದಿನ ನಡೆದು ಹೋರೇಬಿಗೆ ಮುಟ್ಟಿದ.

ಹಾಗಾದರೆ ರಾತ್ರಿ 11ಕ್ಕೆ ನಿಮಗೆ ಆಗೋದು ಯಾವ ಹಸಿವು? ಎಷ್ಟೋ ಸಲ ಅದು ನಿದ್ದೆಯ ಹಸಿವು. ನಿದ್ದೆಗೆಟ್ಟರೆ ಹಸಿವು ಹುಟ್ಟಿಸೋ ಗ್ರೆಲಿನ್ ಏರುತ್ತೆ, ಸಾಕು ಅನ್ನಿಸೋ ಲೆಪ್ಟಿನ್ ಇಳಿಯುತ್ತೆ ಅಂತ ವೈದ್ಯರು ಹೇಳ್ತಾರೆ. ಸಂಜೆ 6ಕ್ಕೆ ಕುಡಿದ ಸ್ಟ್ರಾಂಗ್ ಕಾಫಿಯ ಕೆಫೀನ್‌ನಲ್ಲಿ ಸುಮಾರು ಅರ್ಧ 11ಕ್ಕೂ ಒಳಗೇ ಇರುತ್ತೆ. ಕೆಲವೊಮ್ಮೆ ಅದು ಒಂಟಿತನ. ಪಿಜಿ ರೂಮಿನ ಗೋಡೆ ನೋಡ್ತಾ ಕೂತವರಿಗೆ ಬಿರಿಯಾನಿ ಬಂತು ಅನ್ನೋ ಕಾಲಿಂಗ್ ಬೆಲ್ ಕೂಡ ಯಾರೋ ಬಂದ ಹಾಗೆ. ಅಂಥ ರಾತ್ರಿ ಫ್ರಿಡ್ಜ್ ತೆರೆಯೋ ಮೊದಲು ಕರ್ತನ ಹತ್ತಿರ ಎರಡು ನಿಮಿಷ ಮಾತಾಡಿ, ಅಥವಾ ನಿಮ್ಮ ಸೆಲ್ ಗ್ರೂಪಿನವರಿಗೆ ಫೋನ್ ಮಾಡಿ. ಶುಕ್ರವಾರ ಉಪವಾಸ ಪ್ರಾರ್ಥನೆ ಮಾಡಿ ರಾತ್ರಿ ಒಂದೇ ಸಲ ಸೇಡು ತೀರಿಸಿಕೊಳ್ಳೋರೂ ಇದೀರಿ. ಹೆಸರು ಹೇಳಲ್ಲ.

ನಿಜವಾದ ಹಸಿವಾದರೆ ತಿನ್ನಿ. ರಾತ್ರಿ ಊಟವನ್ನೇ 8ರ ಹೊತ್ತಿಗೆ ಸರಿಯಾಗಿ ಮಾಡಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ. ಆಮೇಲೂ ಬೇಕಾದರೆ ಒಂದು ಹಿಡಿ ಹುರಿಗಡಲೆ, ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ. ಊರಿನಿಂದ ಅಮ್ಮ ಕಳಿಸಿದ ರಾಗಿಹಿಟ್ಟು ಡಬ್ಬಿಯಲ್ಲೇ ಇದ್ದರೆ ಅಂಬಲಿ ಕಾಯಿಸೋದಕ್ಕೆ ಹತ್ತು ನಿಮಿಷ ಸಾಕು. ತಟ್ಟೆಗೆ ಹಾಕಿಕೊಂಡು, ಕೂತು, ಸ್ತೋತ್ರ ಹೇಳಿ ತಿನ್ನಿ. ಪ್ಯಾಕೆಟ್‌ಗೆ ಕೈ ಹಾಕಿ ತಿನ್ನುವಾಗ ಯಾರಾದ್ರೂ ಸ್ತೋತ್ರ ಹೇಳಿದ್ದನ್ನ ನಾನಂತೂ ನೋಡಿಲ್ಲ.

ನೈಟ್ ಶಿಫ್ಟ್ ಮಾಡೋರಿಗೆ ಈ ಗಡಿಯಾರದ ಮಾತು ಅನ್ವಯಿಸಲ್ಲ. ನಿಮಗೆ ಅದು ಮಧ್ಯಾಹ್ನದ ಊಟ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ನನ್ನ ಮಾತು ಕೇಳಿ ಊಟ ಬಿಡಬೇಡಿ, ಡಾಕ್ಟರನ್ನ ಕೇಳಿ. ನಿಲ್ಲಿಸೋಕೇ ಆಗದೆ ಮುಚ್ಚಿಟ್ಟು ತಿಂದು, ಆಮೇಲೆ ಅಳೋರು ಇದ್ದರೆ, ಪ್ರಾರ್ಥನೆಗೂ ಬನ್ನಿ, ಡಾಕ್ಟರ ಹತ್ತಿರವೂ ಹೋಗಿ. ಅದು ವಿಶ್ವಾಸದ ಕೊರತೆ ಅಲ್ಲ.

ಇನ್ನೊಂದು ವಿಷಯ. ಶನಿವಾರದ ಯೂತ್ ಮೀಟಿಂಗ್ ಮುಗಿದ ಮೇಲೆ 10 ಗಂಟೆಗೆ ಬರ್ತಿದ್ದ ಊಟ ಇನ್ನು ಮೇಲೆ 7 ಗಂಟೆಗೆ, ಆರಾಧನೆಗೆ ಮೊದಲೇ. ಅಡುಗೆಗೆ ನಾಲ್ಕು ಜನ ಬೇಕು. ಬರೋರು ಆಶೀರ್ವಾದ ಆದಮೇಲೆ ಮುಂದೆ ಬಂದು ಅಕ್ಕನವರ ಹತ್ತಿರ ಹೆಸರು ಕೊಡಿ.